ಆ ಹುಡುಗಿ ನಾಟಕ ಮಾಡುತ್ತಿರಲಿಲ್ಲ

ಮೇಷ್ಟ್ರಾದವನು ತರಗತಿಯಲ್ಲಿ ಆಡಿದ ಮಾತುಗಳನ್ನೆಲ್ಲ ನೆನಪಿಟ್ಟುಕೊಳ್ಳುವುದಿಲ್ಲ. ದಿನಕ್ಕೆ ಐದಾರು ಪೀರಿಯಡ್ಡು ಗಂಟಲು ಹರಿದುಕೊಳ್ಳುವವನಿಗೆ ಅದು ಸಾಧ್ಯವೂ ಅಲ್ಲ. ಆದರೆ 1998ರ ಫೆಬ್ರುವರಿಯಲ್ಲಿ ನಾನು ಆಡಿದ ಎರಡೇ ಎರಡು ಪದಗಳು ಇಂದಿಗೂ ನನ್ನನ್ನು ಚುಚ್ಚುತ್ತವೆ. ‘ನಾಟಕ ಸಾಕು’ ಎಂದಿದ್ದೆ.

ಆಗ ನಾನು ಬಿ.ಎಸ್ಸಿ., ಬಿ.ಇಡಿ. ಮುಗಿಸಿ ಶಿವಮೊಗ್ಗ ಜಿಲ್ಲೆಯ ಮಲೆನಾಡಿನ ಒಂದು ಅನುದಾನಿತ ಪ್ರೌಢಶಾಲೆಗೆ ಸೇರಿ ನಾಲ್ಕು ವರ್ಷವಾಗಿತ್ತು. ವಿಜ್ಞಾನದ ಮೇಷ್ಟ್ರು ನಾನೊಬ್ಬನೇ. ಎಸ್ಸೆಸ್ಸೆಲ್ಸಿ ಮಕ್ಕಳಿಗೆ ಪೂರ್ವಸಿದ್ಧತಾ ಪರೀಕ್ಷೆ ನಡೆಯುತ್ತಿತ್ತು. ಅಂದು ವಿಜ್ಞಾನದ ಪತ್ರಿಕೆ. ಗಂಟೆ ಹೊಡೆದು ಅರ್ಧ ತಾಸು ಕಳೆದಿರಬಹುದು, ಕಿಟಕಿ ಪಕ್ಕದ ಬೆಂಚಿನಲ್ಲಿ ಕುಳಿತಿದ್ದ ಹುಡುಗಿಯೊಬ್ಬಳು ಬರೆಯುವುದನ್ನು ನಿಲ್ಲಿಸಿದಳು. ಅವಳ ಕತ್ತು ಮೆಲ್ಲನೆ ಎಡಕ್ಕೆ ತಿರುಗಿ ಭುಜಕ್ಕೆ ಒತ್ತಿಕೊಂಡಿತು. ಕಣ್ಣುಗುಡ್ಡೆಗಳು ಮೇಲಕ್ಕೆ ಹೊರಳಿ ಅಲ್ಲೇ ನಿಂತವು. ದವಡೆ ಒಂದು ಬದಿಗೆ ಜಗ್ಗಿ ನಾಲಿಗೆ ಹೊರಚಾಚಿತು.

ಹಿಂದಿನ ತಿಂಗಳ ಕಿರುಪರೀಕ್ಷೆಗೆ ಆ ಹುಡುಗಿ ಹೊಟ್ಟೆನೋವೆಂದು ಬಂದಿರಲಿಲ್ಲ. ಅದು ನನ್ನ ತಲೆಯಲ್ಲಿ ಕುಳಿತಿತ್ತು. ಓದಿಲ್ಲ, ಅದಕ್ಕೇ ಹೀಗೆ ಎಂದುಕೊಂಡೆ. ಹತ್ತಿರ ಹೋಗಿ, ಇಡೀ ತರಗತಿಗೆ ಕೇಳುವಂತೆ ಆ ಮಾತನ್ನು ಅಂದೆ.

ಅವಳು ಉತ್ತರ ಕೊಡಲಿಲ್ಲ. ಕೊಡಲು ಅವಳಿಂದ ಆಗುತ್ತಿರಲಿಲ್ಲ ಎಂಬುದು ನನಗೆ ಆಮೇಲೆ ಗೊತ್ತಾಯಿತು. ಕಣ್ಣಿನಿಂದ ನೀರು ಮಾತ್ರ ಇಳಿಯುತ್ತಿತ್ತು. ಉಳಿದ ಹುಡುಗಿಯರು ಹೆದರಿ ಎದ್ದು ನಿಂತಾಗ ನನಗೂ ಎದೆ ಧಸಕ್ಕೆಂದಿತು. ಶಾಲೆಯ ಜವಾನ ಬಾಗಿಲಲ್ಲಿ ನಿಂತು ನೋಡಿದವನೇ, “ಇದು ಚೌಡಿ ಕಾಟ ಸಾರ್. ಜಾತ್ರೆಗೆ ಹೋಗಿದ್ಲಂತಲ್ಲ, ದಾರೀಲಿ ದಾಟಬಾರದ್ದು ದಾಟಿರಬೇಕು” ಎಂದ. ಯಾರೋ ನಿಂಬೆಹಣ್ಣು ತಂದು ನಿವಾಳಿಸಿದರು. ಆಶ್ಚರ್ಯವೆಂದರೆ ಐದು ನಿಮಿಷದಲ್ಲಿ ಕತ್ತು ಸಡಿಲವಾಯಿತು. ಜವಾನ ನನ್ನ ಕಡೆ ‘ನೋಡಿದಿರಾ’ ಎಂಬಂತೆ ನೋಡಿದ. ಇನ್ನೈದು ನಿಮಿಷಕ್ಕೆ ಕತ್ತು ಮತ್ತೆ ತಿರುಗಿತು, ಮೊದಲಿಗಿಂತ ಜೋರಾಗಿ.

ಅಷ್ಟರಲ್ಲಿ ಸುದ್ದಿ ತಿಳಿದು ಅವಳ ತಂದೆ ಓಡಿ ಬಂದರು. ಮುಖ್ಯೋಪಾಧ್ಯಾಯರು ಬಾಡಿಗೆ ಜೀಪು ತರಿಸಿದರು. ಪೇಟೆಯ ವಯಸ್ಸಾದ ಡಾಕ್ಟರು ಹುಡುಗಿಯನ್ನು ಒಮ್ಮೆ ನೋಡಿ, ತಂದೆಯ ಕಡೆ ತಿರುಗಿ ಒಂದೇ ಪ್ರಶ್ನೆ ಕೇಳಿದರು: “ನಿನ್ನೆಯಿಂದ ಮಗುವಿಗೆ ಏನು ಮಾತ್ರೆ ಕೊಟ್ಟಿದ್ದೀರಿ?”

ತಂದೆ ಜೇಬಿನಿಂದ ಮಾತ್ರೆಯ ಸ್ಟ್ರಿಪ್ಪು ತೆಗೆದರು. ಜಾತ್ರೆಯಲ್ಲಿ ಏನೋ ತಿಂದು ಹುಡುಗಿಗೆ ವಾಂತಿ ಹತ್ತಿಕೊಂಡಿತ್ತು. ಪರೀಕ್ಷೆ ತಪ್ಪಬಾರದೆಂದು ತಂದೆ ಔಷಧಿ ಅಂಗಡಿಯಲ್ಲಿ ಕೇಳಿ ವಾಂತಿ ಮಾತ್ರೆ ತಂದಿದ್ದರು. ರಾತ್ರಿ ಒಂದು, ನಡುರಾತ್ರಿ ಒಂದು, ಬೆಳಿಗ್ಗೆ ಶಾಲೆಗೆ ಹೊರಡುವ ಮುಂಚೆ ಇನ್ನೊಂದು. ಮಾತ್ರೆಯ ಹೆಸರು ಮೆಟೊಕ್ಲೋಪ್ರಮೈಡ್.

ಡಾಕ್ಟರು ಪ್ರೊಮೆಥಜಿನ್ ಎಂಬ ಇಂಜೆಕ್ಷನ್ ಕೊಟ್ಟು, “ಹೆದರಬೇಡ ಮಗಳೇ, ಈಗ ಸರಿಹೋಗುತ್ತೆ” ಎಂದರು. ನಾನು ಗೋಡೆಯ ಗಡಿಯಾರ ನೋಡುತ್ತ ನಿಂತೆ. ಕಾಲು ಗಂಟೆ ಆಗಿತ್ತೋ ಇಲ್ಲವೋ, ಕಣ್ಣು ಕೆಳಗಿಳಿಯಿತು, ದವಡೆ ಸಡಿಲವಾಯಿತು, ಕತ್ತು ನೆಟ್ಟಗಾಯಿತು. ಹುಡುಗಿ ತಂದೆಯನ್ನು ನೋಡಲಿಲ್ಲ, ಡಾಕ್ಟರನ್ನೂ ನೋಡಲಿಲ್ಲ. ನನ್ನನ್ನು ನೋಡಿ, ತೊದಲುತ್ತ, “ಸಾರ್, ನಾನು ನಾಟಕ ಮಾಡ್ತಿರಲಿಲ್ಲ” ಎಂದಳು.

ಅಂದರೆ ಅಷ್ಟು ಹೊತ್ತೂ ಅವಳಿಗೆ ಪೂರ್ತಿ ಎಚ್ಚರವಿತ್ತು. ನಾನು ಹೇಳಿದ್ದು, ಜವಾನ ಹೇಳಿದ್ದು, ಎಲ್ಲವೂ ಅವಳಿಗೆ ಕೇಳಿಸಿತ್ತು. ಮೈ ಮಾತ್ರ ಅವಳ ಮಾತು ಕೇಳುತ್ತಿರಲಿಲ್ಲ.

ಈ ಸ್ಥಿತಿಗೆ ವೈದ್ಯರು ಡಿಸ್ಟೋನಿಯ ಎನ್ನುತ್ತಾರೆ. ಸ್ನಾಯುಗಳು ಅಪ್ಪಣೆಯಿಲ್ಲದೆ ಬಿಗಿದು ಮೈಯನ್ನು ತಿರುಚುವ ತೊಂದರೆ ಇದು. ಬಿಟ್ಟು ಬಿಟ್ಟು ಬರುವುದು ಅದರ ಸ್ವಭಾವ. ನಿಂಬೆಹಣ್ಣಿಗೆ ಬಂದ ಕೀರ್ತಿಯ ಗುಟ್ಟು ಅಷ್ಟೆ. ಕೆಲವು ಔಷಧಿಗಳನ್ನು ತೆಗೆದುಕೊಂಡ ಮೊದಲ ಒಂದೆರಡು ದಿನಗಳಲ್ಲಿ ಹೀಗಾಗಬಹುದು. ಎಲ್ಲರಿಗೂ ಆಗುವುದಿಲ್ಲ. ಮಕ್ಕಳಲ್ಲಿ, ಹರೆಯದವರಲ್ಲಿ, ಅದರಲ್ಲೂ ಹುಡುಗಿಯರಲ್ಲಿ ಈ ಸಾಧ್ಯತೆ ಹೆಚ್ಚು.

ಹೊಟ್ಟೆಗೆ ತೆಗೆದುಕೊಂಡ ಮಾತ್ರೆ ಕತ್ತನ್ನು ತಿರುಗಿಸುವುದು ಹೇಗೆ? ಮುಂದಿನ ವಾರ ತರಗತಿಯಲ್ಲಿ ಮಕ್ಕಳು ಕೇಳಿದಾಗ ನನಗೆ ಉತ್ತರ ಗೊತ್ತಿರಲಿಲ್ಲ. ಆ ಡಾಕ್ಟರ ಬಳಿಗೇ ಹೋಗಿ ಕೇಳಿಕೊಂಡು ಬಂದೆ. ಅವರು ಹೇಳಿಕೊಟ್ಟದ್ದನ್ನು ಅಂದಿನಿಂದ ಪ್ರತಿ ವರ್ಷ ನರಮಂಡಲದ ಪಾಠ ಬಂದಾಗ ಹೇಳುತ್ತೇನೆ.

ನಮ್ಮ ಮೆದುಳಿನ ಆಳದಲ್ಲಿ ಬೇಸಲ್ ಗ್ಯಾಂಗ್ಲಿಯ ಎಂಬ ನರಕೋಶಗಳ ಗುಂಪುಗಳಿವೆ. ನಡೆಯುವುದು, ಬರೆಯುವುದು, ಕತ್ತು ತಿರುಗಿಸುವುದು, ಇವೆಲ್ಲ ನಯವಾಗಿ ನಡೆಯುವಂತೆ ನೋಡಿಕೊಳ್ಳುವುದು ಅವುಗಳ ಕೆಲಸ. ಅಲ್ಲಿ ನರಕೋಶದಿಂದ ನರಕೋಶಕ್ಕೆ ಸುದ್ದಿ ಒಯ್ಯುವ ರಾಸಾಯನಿಕಗಳಲ್ಲಿ ಎರಡು ಮುಖ್ಯ: ಡೋಪಮಿನ್ ಮತ್ತು ಅಸಿಟೈಲ್‌ಕೋಲಿನ್. ಸೈಕಲ್ಲಿನ ಹ್ಯಾಂಡಲನ್ನು ಹಿಡಿದ ಎರಡು ಕೈಗಳೆಂದು ಇವನ್ನು ತಿಳಿಯಿರಿ. ಎರಡೂ ಸಮನಾಗಿ ಹಿಡಿದರೆ ಸೈಕಲ್ಲು ನೆಟ್ಟಗೆ ಹೋಗುತ್ತದೆ. ಒಂದು ಕೈ ಸಡಿಲಾದರೆ ಹ್ಯಾಂಡಲು ಇನ್ನೊಂದು ಕಡೆಗೆ ಎಳೆದುಕೊಳ್ಳುತ್ತದೆ.

ವಾಂತಿಯ ಸೂಚನೆ ಕೊಡುವ ಜಾಗವೂ ಮೆದುಳಿನಲ್ಲೇ ಇದೆ. ಅಲ್ಲಿಯೂ ಡೋಪಮಿನ್ ಕೆಲಸ ಮಾಡುತ್ತದೆ. ಡೋಪಮಿನ್ ಒಂದು ಕೀಲಿಕೈ ಎಂದಾದರೆ, ಅದು ಕೂರುವ ಬೀಗಗಳು ನರಕೋಶಗಳ ಮೇಲಿವೆ. ಮೆಟೊಕ್ಲೋಪ್ರಮೈಡ್ ಬೀಗದೊಳಗೆ ಹೋಗಿ ಕೂರುವ, ಆದರೆ ತಿರುಗದ ಕೀಲಿ. ಅದು ಕುಳಿತಿರುವಷ್ಟು ಹೊತ್ತು ನಿಜವಾದ ಕೀಲಿಗೆ ಜಾಗವಿಲ್ಲ. ವಾಂತಿ ನಿಲ್ಲುತ್ತದೆ. ಆದರೆ ಮಾತ್ರೆಗೆ ವಿಳಾಸ ಓದಲು ಬರುವುದಿಲ್ಲ. ಅದೇ ಬಗೆಯ ಬೀಗಗಳು ಬೇಸಲ್ ಗ್ಯಾಂಗ್ಲಿಯದಲ್ಲೂ ಇರುವುದರಿಂದ ಅಲ್ಲಿಗೂ ಹೋಗಿ ಕೂರುತ್ತದೆ. ಡೋಪಮಿನ್ನಿನ ಕೈ ಸಡಿಲವಾಗಿ ಹ್ಯಾಂಡಲು ತಿರುಗುತ್ತದೆ. ಡಾಕ್ಟರು ಕೊಟ್ಟ ಇಂಜೆಕ್ಷನ್ ಅಸಿಟೈಲ್‌ಕೋಲಿನ್ನಿನ ಕೈಯನ್ನೂ ಅಷ್ಟೇ ಸಡಿಲ ಮಾಡಿತು. ಹ್ಯಾಂಡಲು ನೆಟ್ಟಗಾಯಿತು.

ಈ ವಿದ್ಯೆ ಮನುಷ್ಯನಿಗೆ ದೊರೆತ ದಾರಿಯಲ್ಲಿ ನಮ್ಮ ಕಾಡಿನ ಗಿಡವೊಂದು ನಿಂತಿದೆ ಎಂಬುದು ನನಗೆ ಬಹಳ ಇಷ್ಟವಾದ ಸಂಗತಿ. ಪಶ್ಚಿಮಘಟ್ಟದಲ್ಲಿ ಬೆಳೆಯುವ ಸರ್ಪಗಂಧವನ್ನು ಮಲೆನಾಡಿನವರು ಬಲ್ಲರು. ಅದರ ಬೇರು ಚಿತ್ತಭ್ರಮಣೆಗೂ ರಕ್ತದ ಏರೊತ್ತಡಕ್ಕೂ ಉಪಯುಕ್ತವೆಂದು 1931ರಲ್ಲಿ ಗಣನಾಥ ಸೇನ್ ಮತ್ತು ಕಾರ್ತಿಕಚಂದ್ರ ಬೋಸ್ ಪ್ರಬಂಧ ಬರೆದರು. 1949ರಲ್ಲಿ ಮುಂಬಯಿಯ ಡಾ. ರುಸ್ತುಂ ಜಾಲ್ ವಕೀಲರು ರಕ್ತದೊತ್ತಡದ ರೋಗಿಗಳ ಮೇಲೆ ಅದರ ಪರಿಣಾಮವನ್ನು ಬ್ರಿಟನ್ನಿನ ಹೃದ್ರೋಗ ಪತ್ರಿಕೆಯಲ್ಲಿ ಪ್ರಕಟಿಸಿದ ಮೇಲೆ ಜಗತ್ತಿನ ಕಣ್ಣು ಇತ್ತ ಹೊರಳಿತು. 1952ರಲ್ಲಿ ಅದರ ಸಾರ ರೆಸರ್ಪಿನ್ ಬೇರ್ಪಟ್ಟಿತು. ಆದರೆ ರೆಸರ್ಪಿನ್ ತೆಗೆದುಕೊಂಡ ಕೆಲವರಲ್ಲಿ ಕೈ ನಡುಕ, ಮೈ ಬಿಗಿತ ಕಾಣಿಸಿತು, ಥೇಟ್ ಪಾರ್ಕಿನ್ಸನ್ ರೋಗದ ಹಾಗೆ.

1957ರಲ್ಲಿ ಸ್ವೀಡನ್ನಿನ ಆರ್ವಿಡ್ ಕಾರ್ಲ್‌ಸನ್ ಮತ್ತು ಸಂಗಡಿಗರು ಮೊಲಗಳಿಗೆ ರೆಸರ್ಪಿನ್ ಕೊಟ್ಟರು. ಮೊಲಗಳು ಕಿವಿ ಇಳಿಬಿಟ್ಟು ಅಲುಗಾಡದೆ ಕುಳಿತವು. ಬಳಿಕ ದೇಹದಲ್ಲಿ ಡೋಪಮಿನ್ ಆಗಿ ಬದಲಾಗುವ ಎಲ್-ಡೋಪ ಕೊಟ್ಟಾಗ ಅವು ಸ್ವಲ್ಪ ಹೊತ್ತಿನಲ್ಲೇ ಎದ್ದು ಓಡಾಡಿದವು. ಡೋಪಮಿನ್ನಿನ ಮಹತ್ವ ಜಗತ್ತಿಗೆ ಗೊತ್ತಾದದ್ದು ಹೀಗೆ. ಪಾರ್ಕಿನ್ಸನ್ ರೋಗಕ್ಕೆ ಇಂದಿಗೂ ಕೊಡುವ ಮುಖ್ಯ ಔಷಧಿಯ ಮೂಲವೂ ಇದೇ. ಕಾರ್ಲ್‌ಸನ್ ಅವರಿಗೆ 2000ದಲ್ಲಿ ನೊಬೆಲ್ ಬಹುಮಾನ ಬಂತು. ಔಷಧಿಯೊಂದರ ಅಡ್ಡಪರಿಣಾಮವನ್ನು ಯಾರೋ ‘ಇದೇಕೆ ಹೀಗೆ’ ಎಂದು ಕೇಳಿದ್ದರಿಂದ ಇನ್ನೊಂದು ರೋಗಕ್ಕೆ ಮದ್ದು ಸಿಕ್ಕಿತು. ವಿದ್ಯಾರ್ಥಿಗಳೇ, ಪ್ರಶ್ನೆ ಕೇಳುವವನ ಬೆಲೆ ಇದು.

ಇಷ್ಟೆಲ್ಲ ತರಗತಿಯಲ್ಲಿ ಬಣ್ಣಿಸುತ್ತಿದ್ದ ನಾನು ನನ್ನ ಮನೆಯಲ್ಲೇ ಆ ಪ್ರಶ್ನೆ ಕೇಳದೆ ಹೋದೆ.

2011ರಲ್ಲಿ ನನ್ನ ತಾಯಿಗೆ ಎಪ್ಪತ್ತೆರಡು ವರ್ಷ. ಬೆಳಗಿನ ಜಾವ ಎದ್ದು ಅಂಗಳ ಸಾರಿಸಿ ರಂಗೋಲಿ ಹಾಕುವುದು ಅವಳ ನಿತ್ಯದ ಕೆಲಸ. ಆ ವರ್ಷ ರಂಗೋಲಿಯ ಎಳೆಗಳು ನಡುಗತೊಡಗಿದವು. ಆಮೇಲೆ ಹೆಜ್ಜೆ ಚಿಕ್ಕದಾಯಿತು. ಕುರ್ಚಿಯಿಂದ ಏಳಲು ಎರಡು ಸಲ ಪ್ರಯತ್ನ ಬೇಕಾಯಿತು. ಮೊಮ್ಮಕ್ಕಳು ನಗಿಸಿದರೂ ಮುಖ ಅರಳುತ್ತಿರಲಿಲ್ಲ. ‘ವಯಸ್ಸಾಯಿತು’ ಎಂದೆವು. ಬಂದ ನೆಂಟರೂ ಅದನ್ನೇ ಅಂದರು. ರಂಗೋಲಿ ಹಾಕುವುದನ್ನು ನನ್ನ ಹೆಂಡತಿ ವಹಿಸಿಕೊಂಡಳು. ಅಮ್ಮ ಬಾಗಿಲಲ್ಲಿ ಕುಳಿತು ನೋಡುತ್ತಿದ್ದಳು.

ಕೊನೆಗೆ ನರರೋಗ ತಜ್ಞರಲ್ಲಿಗೆ ಕರೆದೊಯ್ದೆ. ಅವರು ಫೋನಿನಲ್ಲೇ ಹೇಳಿದ್ದರು: “ಮನೆಯಲ್ಲಿ ಅವರು ನುಂಗುವ ಮಾತ್ರೆಗಳೆಲ್ಲವನ್ನೂ ಒಂದು ಚೀಲಕ್ಕೆ ಹಾಕಿಕೊಂಡು ಬನ್ನಿ.” ಚೀಲ ಸುರಿದಾಗ ಬಿ.ಪಿ. ಮಾತ್ರೆಯ ಜೊತೆಗೆ ಸಿನ್ನರಿಜಿನ್ ಎಂಬ ತಲೆಸುತ್ತಿನ ಮಾತ್ರೆ ಬಂತು. ಎರಡು ವರ್ಷದ ಹಿಂದೆ ತಲೆಸುತ್ತು ಬಂದಾಗ ಹದಿನೈದು ದಿನಕ್ಕೆಂದು ಬರೆದುಕೊಟ್ಟದ್ದು. ಚೀಟಿ ಹಳೆಯದಾಗಿ ಮಡಿಕೆಯಲ್ಲಿ ಹರಿದುಹೋಗಿತ್ತು, ಮಾತ್ರೆ ಮಾತ್ರ ನಿಂತಿರಲಿಲ್ಲ. ಪ್ರತಿ ತಿಂಗಳು ಅದೇ ಚೀಟಿ ತೋರಿಸಿ ಔಷಧಿ ತರುತ್ತಿದ್ದವನು ಬೇರಾರೂ ಅಲ್ಲ, ನಾನೇ.

ಸಿನ್ನರಿಜಿನ್, ಮತ್ತು ಅರೆತಲೆನೋವಿಗೆ ಕೊಡುವ ಅದರ ಸೋದರ ಫ್ಲುನರಿಜಿನ್, ಎರಡೂ ಡೋಪಮಿನ್ ಬೀಗಗಳನ್ನು ಸ್ವಲ್ಪ ಮಟ್ಟಿಗೆ ಮುಚ್ಚುತ್ತವೆ. ವಯಸ್ಸಾದವರು ಬಹುಕಾಲ ತೆಗೆದುಕೊಂಡರೆ ಪಾರ್ಕಿನ್ಸನ್ ರೋಗವನ್ನೇ ಹೋಲುವ ಲಕ್ಷಣಗಳು ತಲೆದೋರಬಹುದು. ತಜ್ಞರು ಅದೊಂದನ್ನು ನಿಲ್ಲಿಸಿ, “ಅವಸರ ಮಾಡಬೇಡಿ, ತಿಂಗಳುಗಳೇ ಬೇಕು” ಎಂದರು. ಆರು ತಿಂಗಳ ಬಳಿಕ ಒಂದು ಬೆಳಿಗ್ಗೆ ಅಂಗಳದಲ್ಲಿ ಪುಟ್ಟದೊಂದು ರಂಗೋಲಿ ಕಾಣಿಸಿತು. ಎಳೆ ಅಷ್ಟೇನೂ ನೇರವಾಗಿರಲಿಲ್ಲ. ನಾನು ಅದನ್ನು ದಾಟದೆ ಸುತ್ತು ಬಳಸಿ ಶಾಲೆಗೆ ಹೋದೆ.

ಎಲ್ಲರಿಗೂ ಹೀಗೆ ಪೂರ್ತಿ ಗುಣವಾಗುತ್ತದೆ ಎಂದಲ್ಲ. ಕೆಲವರಲ್ಲಿ ಔಷಧಿ ನಿಲ್ಲಿಸಿದ ಮೇಲೂ ಲಕ್ಷಣಗಳು ಉಳಿಯುತ್ತವೆ. ಒಳಗೊಳಗೇ ಬೆಳೆಯುತ್ತಿದ್ದ ನಿಜವಾದ ಪಾರ್ಕಿನ್ಸನ್ ರೋಗವೇ ಹಾಗೆ ಹೊರಬಿದ್ದಿರಲೂಬಹುದು. ನಾವು ಅದೃಷ್ಟವಂತರು.

ಈ ಎರಡು ಅನುಭವಗಳಾದ ಮೇಲೆ ನನಗೆ ಒಂದು ಬಗೆಯ ಪ್ರಚಾರದ ಹುಮ್ಮಸ್ಸು ಹತ್ತಿತು. 2014ರಲ್ಲಿ ಶಾಲೆಯ ಪಾಲಕರ ಸಭೆಯಲ್ಲಿ ಹುಡುಗಿಯ ಕಥೆ, ಅಮ್ಮನ ಕಥೆ ಎರಡನ್ನೂ ಹೇಳಿ, ಮಾತ್ರೆಗಳಿಂದ ಏನೇನಾಗುತ್ತದೆ ಎಂದು ವಿವರಿಸಿದೆ. ಚಪ್ಪಾಳೆ ಬಿತ್ತು. ಒಂದು ತಿಂಗಳ ನಂತರ ಪಾಲಕರೊಬ್ಬರು ಸಂಜೆ ಮನೆಗೆ ಬಂದು ಜಗಲಿಯಲ್ಲಿ ಕುಳಿತರು. ಅವರ ಹಿರಿಯ ಮಗ ಪದವಿ ಓದುವಾಗ ಮಾನಸಿಕ ಕಾಯಿಲೆಗೆ ತುತ್ತಾಗಿ, ಚಿಕಿತ್ಸೆ ಪಡೆದು, ತೋಟದ ಕೆಲಸ ನೋಡಿಕೊಂಡಿದ್ದ. ಅವನಿಗೆ ಕೈ ನಡುಗುತ್ತಿತ್ತು, ಕೂತಲ್ಲಿ ಕೂರಲಾಗದೆ ಚಡಪಡಿಸುತ್ತಿದ್ದ. ನನ್ನ ಭಾಷಣ ಕೇಳಿ ಹೋದ ರಾತ್ರಿಯೇ ತಂದೆ ಮಾತ್ರೆಗಳನ್ನೆಲ್ಲ ಹಿತ್ತಿಲಿಗೆ ಎಸೆದಿದ್ದರು. ಮೂರು ವಾರದಲ್ಲಿ ಕಾಯಿಲೆ ಮರುಕಳಿಸಿತು. ಹುಡುಗ ಮನೆಬಿಟ್ಟು ಹೋಗಿ ಎರಡು ದಿನ ಅನ್ನ ನಿದ್ದೆ ಇಲ್ಲದೆ ಅಲೆದು ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕಿದ್ದ.

“ನೀವೇ ಹೇಳಿದ್ರಲ್ಲ ಮೇಷ್ಟ್ರೇ” ಎಂದರು ಅವರು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ನಾನು ಅರ್ಧ ಪಾಠ ಮಾಡಿದ್ದೆ. ಉಳಿದರ್ಧ ಇದು. ಮಾನಸಿಕ ಕಾಯಿಲೆಗಳಿಗೆ ಕೊಡುವ ಔಷಧಿಗಳಲ್ಲಿ ಹಲವು ಡೋಪಮಿನ್ ಬೀಗಗಳನ್ನು ಮುಚ್ಚಿಯೇ ಕೆಲಸ ಮಾಡುತ್ತವೆ. 1952ರಲ್ಲಿ ಕ್ಲೋರ್‌ಪ್ರೊಮಜಿನ್ ಬಳಕೆಗೆ ಬಂದ ಮೇಲೆ ಎಷ್ಟೋ ಜನ ಆಸ್ಪತ್ರೆಯ ಗೋಡೆಗಳಾಚೆ ಬಂದು ಬದುಕು ಕಟ್ಟಿಕೊಂಡರು. ಅವುಗಳಿಂದ ನಡುಕ, ಬಿಗಿತ, ಚಡಪಡಿಕೆ ಉಂಟಾಗಬಹುದು. ವರ್ಷಗಟ್ಟಲೆ ತೆಗೆದುಕೊಂಡವರಲ್ಲಿ ಕೆಲವರಿಗೆ ಬಾಯಿ ತಾನಾಗಿ ಮೆಲುಕು ಹಾಕುವಂತೆ ಆಡುವ ಟಾರ್ಡಿವ್ ಡಿಸ್ಕೈನೀಸಿಯ ಎಂಬ ತೊಂದರೆಯೂ ಬರಬಹುದು. ಆದರೆ ಇವಕ್ಕೆ ದಾರಿಗಳಿವೆ. ಪ್ರಮಾಣ ಇಳಿಸಬಹುದು, ಬೇರೆ ಔಷಧಿಗೆ ಬದಲಾಯಿಸಬಹುದು, ಜೊತೆಗೊಂದು ಮಾತ್ರೆ ಸೇರಿಸಬಹುದು. ಟಾರ್ಡಿವ್ ಡಿಸ್ಕೈನೀಸಿಯಕ್ಕೆಂದೇ ಎರಡು ಔಷಧಿಗಳಿಗೆ 2017ರಲ್ಲಿ ಅಮೆರಿಕದಲ್ಲಿ ಮನ್ನಣೆ ಸಿಕ್ಕಿದೆ. ಆದರೆ ಇವೆಲ್ಲ ವೈದ್ಯರು ಮಾಡಬೇಕಾದ ಕೆಲಸ. ತಟಕ್ಕನೆ ನಿಲ್ಲಿಸಿದರೆ ಕಾಯಿಲೆ ಮರಳುತ್ತದೆ, ಕೆಲವೊಮ್ಮೆ ಆ ಚಲನೆಗಳೇ ಹೆಚ್ಚಾಗುತ್ತವೆ. ಮೂರ್ಛೆರೋಗದ ವಾಲ್‌ಪ್ರೊಯೇಟ್ ಕೂಡ ಕೈ ನಡುಗಿಸಬಹುದು. ಹಾಗೆಂದು ಅದನ್ನು ಮನೆಯವರೇ ನಿಲ್ಲಿಸಿದರೆ ಫಿಟ್ಸ್ ಬಂದು ಪ್ರಾಣಕ್ಕೇ ಕುತ್ತಾದೀತು.

ಆ ಹುಡುಗನನ್ನು ಮರುದಿನವೇ ತಂದೆಯೊಡನೆ ವೈದ್ಯರಲ್ಲಿಗೆ ಕರೆದೊಯ್ದೆ. ನಡುಕದ ವಿಷಯವನ್ನು ಅವರಿಗೆ ಅದುವರೆಗೆ ಯಾರೂ ಹೇಳಿಯೇ ಇರಲಿಲ್ಲ! ಅವರು ಔಷಧಿ ಬದಲಿಸಿದರು. ಕೆಲವು ತಿಂಗಳಲ್ಲಿ ನಡುಕ ತಗ್ಗಿತು, ಹುಡುಗ ತೋಟಕ್ಕೆ ಮರಳಿದ.

ಆದ್ದರಿಂದ ಪಾಲಕರೇ, ಈ ಲೇಖನದಿಂದ ಒಂದೇ ವಿಷಯ ನೆನಪಿಟ್ಟುಕೊಳ್ಳುವುದಾದರೆ, ಇದನ್ನು ಇಟ್ಟುಕೊಳ್ಳಿ: ಮೈ ವಿಚಿತ್ರವಾಗಿ ಆಡತೊಡಗಿದರೆ ದೆವ್ವ, ನಾಟಕ, ವಯಸ್ಸು ಎಂಬ ತೀರ್ಮಾನಕ್ಕೆ ಬರುವ ಮುಂಚೆ ‘ಯಾವ ಔಷಧಿ ಹೊಟ್ಟೆಗೆ ಹೋಗಿದೆ’ ಎಂದು ಕೇಳಿ. ಆ ಉತ್ತರವನ್ನು ವೈದ್ಯರ ಬಳಿಗೆ ಒಯ್ಯಿರಿ, ಹಿತ್ತಿಲಿಗಲ್ಲ. ಕತ್ತು, ದವಡೆ ಬಿಗಿದಿರುವಾಗ ಬಾಯಿಗೆ ನೀರು, ಮಾತ್ರೆ ಹಾಕಬೇಡಿ. ಉಸಿರಾಟಕ್ಕೆ ತೊಂದರೆಯಾಗಬಹುದು, ತಡಮಾಡದೆ ಆಸ್ಪತ್ರೆಗೆ ಹೊರಡಿ, ಸ್ಟ್ರಿಪ್ಪು ಕೈಯಲ್ಲಿರಲಿ. ಹಳೆಯ ಚೀಟಿ ತೋರಿಸಿ ಮಾತ್ರೆ ತರುವ ಅಭ್ಯಾಸ ಬಿಡಿ. ಮೆಟೊಕ್ಲೋಪ್ರಮೈಡ್ ಕೆಟ್ಟ ಔಷಧಿಯಲ್ಲ, ಅಗತ್ಯವಿದ್ದಲ್ಲಿ ವೈದ್ಯರು ಕೊಡುತ್ತಾರೆ. ಆದರೆ 2013ರಲ್ಲಿ ಯೂರೋಪಿನ ಔಷಧ ಸಂಸ್ಥೆ ಅದನ್ನು ಐದು ದಿನಕ್ಕಿಂತ ಹೆಚ್ಚು ಕೊಡಬಾರದೆಂದು ಹೇಳಿದೆ. ಅಂಗಡಿಯಲ್ಲಿ ಕೇಳಿ ತಂದು ನಾವೇ ಲೆಕ್ಕ ಹಾಕಿ ಕೊಡುವ ಮಾತ್ರೆ ಅದಲ್ಲ.

ಇನ್ನೊಂದು ಮಾತು. ಔಷಧಿಗಳ ಅಡ್ಡಪರಿಣಾಮಗಳನ್ನು ದಾಖಲಿಸಲು ನಮ್ಮ ದೇಶದಲ್ಲಿ 2010ರಿಂದ ಸರ್ಕಾರದ ಫಾರ್ಮಕೋವಿಜಿಲೆನ್ಸ್ ಕಾರ್ಯಕ್ರಮ ನಡೆಯುತ್ತಿದೆ. ವೈದ್ಯರಷ್ಟೇ ಅಲ್ಲ, ರೋಗಿಗಳೂ ಮನೆಯವರೂ ಅದಕ್ಕೆ ವರದಿ ಮಾಡಬಹುದು.

ಕೊನೆಗೆ ಆ ಹುಡುಗಿಯ ವಿಷಯ. ಅವಳು ಆ ವರ್ಷ ಎಸ್ಸೆಸ್ಸೆಲ್ಸಿ ಪಾಸಾದಳು. ಟಿ.ಸಿ. ಪಡೆಯಲು ಬಂದಾಗ ಕ್ಷಮೆ ಕೇಳಬೇಕೆಂದುಕೊಂಡೆ. ಮೇಷ್ಟ್ರೆಂಬ ಬಿಂಕ ಬಿಡಲಿಲ್ಲ. 2019ರ ಜೂನ್‌ನಲ್ಲಿ ಅವಳು ಮಗನನ್ನು ಎಂಟನೇ ತರಗತಿಗೆ ಸೇರಿಸಲು ನಮ್ಮ ಶಾಲೆಗೇ ಬಂದಳು. ಅರ್ಜಿ ತುಂಬಿದ ಮೇಲೆ ಪರ್ಸಿನಿಂದ, ಪ್ಲಾಸ್ಟಿಕ್ ಹೊದಿಸಿದ ಒಂದು ಚಿಕ್ಕ ಚೀಟಿ ತೆಗೆದು ಮೇಜಿನ ಮೇಲಿಟ್ಟಳು. ಅಂದು ಆ ಡಾಕ್ಟರು ಮಾತ್ರೆಯ ಹೆಸರು ಬರೆದು, ‘ಇದು ಈಕೆಗೆ ಆಗದು, ಎಲ್ಲಿ ಹೋದರೂ ತೋರಿಸುವುದು’ ಎಂದು ಸಹಿ ಹಾಕಿಕೊಟ್ಟಿದ್ದರು. ಇಪ್ಪತ್ತೊಂದು ವರ್ಷ ಅದನ್ನು ಅವಳು ಜೋಪಾನ ಮಾಡಿದ್ದಳು.

“ಮಗನಿಗೂ ಹಾಗೆ ಏನಾದರೂ ಆದರೆ ನಿಮಗೆ ಗೊತ್ತಿರಲಿ ಅಂತ ತೋರಿಸಿದೆ, ಸಾರ್” ಎಂದಳು.

ಅಂದು ಕ್ಷಮೆ ಕೇಳಿದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, “ಕತ್ತಿನ ನೋವು ಎರಡು ದಿನಕ್ಕೆ ಹೋಯ್ತು ಸಾರ್...” ಎಂದು ಅಷ್ಟಕ್ಕೇ ನಿಲ್ಲಿಸಿ ಚೀಟಿಯನ್ನು ಮಡಚಿ ಪರ್ಸಿಗೆ ಹಾಕಿಕೊಂಡಳು.